ಎಲ್ಲರ ಕೆಲಸವೂ ಅರ್ಜೆಂಟ್ ಅಂತೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಪುಟ್ಟ ಆಫೀಸಿನಲ್ಲಿ ಕಟ್ಟಬೇಕಾದ ಮನೆಗಳ ತ್ರೀಡಿ ವಿಡಿಯೊ ಮಾಡುತ್ತೇವೆ. ರೆಂಡರ್ ಮಾಡಲಿಕ್ಕೆಂದೇ, ಅಂದರೆ ತ್ರೀಡಿ ಮಾದರಿಯಿಂದ ವಿಡಿಯೊದ ಒಂದೊಂದೇ ಚಿತ್ರ ತಯಾರಿಸಲಿಕ್ಕೆಂದೇ, ನೆಟ್‌ವರ್ಕಿನಲ್ಲಿ ಒಂದಷ್ಟು ಕಂಪ್ಯೂಟರ್‌ಗಳಿವೆ. ಎಲ್ಲರಿಗೂ ಸೇರಿದ್ದು. ಹೆಸರಿಗೆ ಮಾತ್ರ.

ಸೆಕೆಂಡಿಗೆ 24 ಫ್ರೇಮ್ ಅಂದರೆ 10 ಸೆಕೆಂಡಿನ ತುಣುಕಿಗೆ 240 ಚಿತ್ರ. ಒಂದೊಂದಕ್ಕೆ 10 ನಿಮಿಷ ಹಿಡಿದರೂ ಒಂದೇ ಕಂಪ್ಯೂಟರಿಗೆ 40 ಗಂಟೆ ಕೆಲಸ. ಹಂಚಿಕೊಳ್ಳದೆ ಬೇರೆ ಗತಿಯಿಲ್ಲ.

ಹಂಚೋಕೆ ಸಾಫ್ಟ್‌ವೇರ್ ಇದೆ. ಸುಮ್ನೆ ಬಿಟ್ಟರೆ ಪ್ರತಿ ಜಾಬಿನ, ಅಂದರೆ ರೆಂಡರಿಗೆ ಕಳಿಸಿದ ಕೆಲಸದ, ಪ್ರಯಾರಿಟಿ 50. ಜಾಸ್ತಿ ಇದ್ದದ್ದು ಮೊದಲು. ಆದರೆ ಸುಮ್ನೆ ಬಿಡೋರು ಯಾರು? ಒಬ್ಬರು 60 ಹಾಕುತ್ತಾರೆ. ಅದನ್ನು ನೋಡಿ ಇನ್ನೊಬ್ಬರು 80. ಸಂಜೆಯ ಹೊತ್ತಿಗೆ ಎಲ್ಲರದ್ದೂ 100! ಆಮೇಲೆ ಮತ್ತೆ ಮೊದಲು ಬಂದವರಿಗೇ ಮೊದಲು. ಇದಕ್ಕೆ ಇಷ್ಟೆಲ್ಲ ಜಿದ್ದು ಬೇಕಿತ್ತಾ?

ಇನ್ನೊಬ್ಬ ಮಹಾಶಯರಿದ್ದಾರೆ. ಸೋಫಾದ ಬಣ್ಣ ಹೇಗೆ ಕಾಣುತ್ತೆ ಅಂತ ನೋಡೋ ಟೆಸ್ಟ್ ಅಷ್ಟೇ. ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ತಾನಾಗೇ ಇರುವ 4096 ಸ್ಯಾಂಪಲ್ ಇಳಿಸಲ್ಲ. ಸ್ಯಾಂಪಲ್ ಜಾಸ್ತಿಯಾದಷ್ಟೂ ಚಿತ್ರ ನುಣುಪು, ಆದರೆ ಹಿಡಿಯೋ ಸಮಯವೂ ಜಾಸ್ತಿ. ಟೆಸ್ಟಿಗೆ 128 ಸಾಕು ಅಲ್ವಾ? ಕಳಿಸಿಬಿಟ್ಟು ಬೆಣ್ಣೆ ದೋಸೆ ತಿನ್ನೋಕೆ ಹೋಗುತ್ತಾರೆ. ಫೋನ್ ಮಾಡಿದರೆ ಎತ್ತಲ್ಲ. ಬಾಯಿ ತುಂಬಾ ದೋಸೆ ಇರಬೇಕು.

ಎಲ್ಲಕ್ಕಿಂತ ಜಾಸ್ತಿ ಉರಿಯೋದು, ಹೇಳದೆ ಕೇಳದೆ ಇನ್ನೊಬ್ಬರ ಜಾಬ್ ನಿಲ್ಲಿಸೋರನ್ನು ಕಂಡರೆ. ಮುಗಿದ ಫ್ರೇಮ್‌ಗಳು ಉಳಿಯುತ್ತವೆ, ನಿಜ. ಅರ್ಧಕ್ಕೆ ನಿಂತದ್ದು ಮಾತ್ರ ಮತ್ತೆ ಮೊದಲಿಂದ.

ಹಗಲು ಸಣ್ಣ ಟೆಸ್ಟ್‌ಗಳು, ರಾತ್ರಿ ಉದ್ದದ ಜಾಬ್‌ಗಳು ಅಂತ ನಿಯಮ ಮಾಡೋಣ ಅಂದೆ. ನಮ್ಮ ಬಾಸ್ ಕೂಡಲೇ ಒಪ್ಪಿದರು. ಮೊದಲು ಮುರಿದವರೂ ಅವರೇ.