ನೀರು ಜೋರಾಗಿ ಬರೋದೂ ಒಂದು ಕಂಪ್ಲೇಂಟಾ ಅಂತ ನಗೋರಿಗೆ

ಹೌದು ಸ್ವಾಮಿ, ಕಂಪ್ಲೇಂಟೇ. ನೀರೇ ಬರಲ್ಲ ಅಂತ ಅರ್ಧ ಬೆಂಗಳೂರು ಗೋಳಾಡ್ತಿರುವಾಗ ನೀರು ಜೋರಾಗಿ ಬರ್ತಿದೆ ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಎದ್ದು ನಿಂತೆ. ಹಿಂದಿನ ಸಾಲಿನವರು ಕಿಸಕ್ ಅಂದ್ರು. ನಗಲಿ ಬಿಡಿ, ಅವರಿರೋದು ಹನ್ನೆರಡನೇ ಮಹಡಿ.

ನಮ್ಮದು ಹದಿನಾಲ್ಕು ಮಹಡಿ ಕಟ್ಟಡ. ನಾವಿರೋದು ಒಂದನೇ ಮಹಡಿ, ಟ್ಯಾಂಕ್ ಇರೋದು ಟೆರೇಸ್ ಮೇಲೆ. ನೀರು ಹತ್ತು ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಪ್ರೆಶರ್ ಏರುತ್ತೆ. ಮಹಡಿಗೆ ಮೂರು ಮೀಟರ್ ಹಿಡಿದರೂ ನಮ್ಮ ನಲ್ಲಿಗೆ ಬರೋ ಹೊತ್ತಿಗೆ 4 ಕೆಜಿ ದಾಟಿರುತ್ತೆ. ಅದಕ್ಕೇ ಪೈಪ್‌ಗಳು ಇಳಿದು ಬರೋ ಸಂದು, ಅಂದ್ರೆ ಶಾಫ್ಟ್‌ನಲ್ಲಿ ಪಿಆರ್‌ವಿ ಅಂತ ಒಂದು ವಾಲ್ವ್ ಹಾಕಿರ್ತಾರೆ, ಪ್ರೆಶರ್ ಇಳಿಸೋದೇ ಅದರ ಕೆಲಸ. ಎರಡು, ಎರಡೂವರೆ ಕೆಜಿಗೆ ಸೆಟ್ ಮಾಡಿದ್ರೆ ಮನೆ ಬಳಕೆಗೆ ಧಾರಾಳ. ನಮ್ಮಲ್ಲೂ ಇದೆ, ಹೆಸರಿಗೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲದರ ಮರಳು, ಸುಣ್ಣ ಅದರೊಳಗೇ ಕೂತಿದೆ. ಅದರ ಸ್ಟ್ರೈನರ್ ಜಾಲರಿ ಬಿಚ್ಚಿ ತೊಳೆದ ಪುಣ್ಯಾತ್ಮರನ್ನ ನಾನಂತೂ ಕಂಡಿಲ್ಲ.

ವಾಲ್ವ್‌ನ ಸೀಟು, ಅಂದ್ರೆ ಅದು ಮುಚ್ಕೊಂಡು ಕೂರೋ ಜಾಗ, ಸವೆದರೆ ಏನಾಗುತ್ತೆ ಗೊತ್ತಾ? ಹಗಲು ಹೊತ್ತು ಎಲ್ಲರ ಮನೆ ನಲ್ಲಿ ಓಡ್ತಿರುವಾಗ ಪ್ರೆಶರ್ ಗೇಜ್ ಸರಿಯಾಗೇ ತೋರಿಸುತ್ತೆ. ರಾತ್ರಿ ಎಲ್ಲ ನಲ್ಲಿ ನಿಂತಾಗ ವಾಲ್ವ್ ಪೂರ್ತಿ ಮುಚ್ಚಬೇಕು. ಮುಚ್ಚಲ್ಲ. ಸಣ್ಣಗೆ ಒಸರ್ತಾ ಒಸರ್ತಾ ಮೇಲಿನ ಪ್ರೆಶರ್ ಅಷ್ಟೂ ಕೆಳಗೆ ಬಂದು ಕೂರುತ್ತೆ. ಫೆಸಿಲಿಟಿ ಮ್ಯಾನೇಜರ್ ಸಾಹೇಬರು ಬಂದು ನೋಡೋದು ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ. "ಎಲ್ಲ ನಾರ್ಮಲ್ ಇದೆ ಸರ್."

ನಾರ್ಮಲ್ ಅಂತೆ! ಹೆಲ್ತ್ ಫಾಸೆಟ್ ಪೈಪ್ ನಡುರಾತ್ರಿ ಸಿಡಿದು ಬೆಡ್‌ರೂಮಿಗೆ ನೀರು ನುಗ್ಗಿ ವಾರ್ಡ್‌ರೋಬಿನ ಪ್ಲೈವುಡ್ ಉಬ್ಬಿ ನಿಂತಿದೆ, ಬಾಗಿಲು ಹಾಕೋಕಾಗಲ್ಲ. ಫ್ಲಶ್ ಟ್ಯಾಂಕ್ ಸುಯ್ ಅಂತ ಕೂಗ್ತಾನೇ ಇರುತ್ತೆ. ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತೆ. ಯಾರದೋ ವಾಷಿಂಗ್ ಮೆಷಿನ್ ನೀರು ತಗೊಳ್ಳೋದು ನಿಲ್ಲಿಸಿದ್ರೆ ನಮ್ಮ ಗೋಡೆಯೊಳಗೆ ಢಬ್ ಅಂತ ಸದ್ದು. ಈಗ ದಿನಾ ಮಲಗೋ ಮುಂಚೆ ನನ್ನ ಹೆಂಡತಿ ಗರ್ಭಗುಡಿ ಬಾಗಿಲು ಹಾಕೋ ಅರ್ಚಕರ ಹಾಗೆ ಫಿಟ್ಟಿಂಗಿಗೆ ನೀರು ಬಿಡೋ ಆಂಗಲ್ ಕಾಕ್‌ಗಳನ್ನ ಒಂದೊಂದೇ ಮುಚ್ಕೊಂಡು ಬರ್ತಾಳೆ.

ಇಷ್ಟಕ್ಕೂ ಅಸೋಸಿಯೇಷನ್ ಉತ್ತರ ಏನು? "ಲೋಕಲ್ ಸಾಮಾನು ಹಾಕಿಸಿರ್ತೀರಿ." ಬಿಲ್ ತೋರಿಸಿದೆ. ಆಮೇಲೆ, "ಮನೆ ಒಳಗಿನ ಫಿಟ್ಟಿಂಗ್ ನಿಮ್ಮ ಜವಾಬ್ದಾರಿ." ಪೈಪ್ ನನ್ನದು, ಒಪ್ಪಿದೆ. ಅದರೊಳಗಿನ ಪ್ರೆಶರ್ ಯಾರದು? ಅದನ್ನೂ ನಾನೇ ಟೆರೇಸ್‌ನಿಂದ ಹೊತ್ಕೊಂಡು ಬಂದ್ನಾ?

ಮೈ ಉರಿಯೋದು ಅವರ ಪ್ಲಂಬರ್ ಕೊಟ್ಟ ಸಲಹೆಗೆ. "ಇನ್‌ಲೆಟ್ ವಾಲ್ವ್ ಅರ್ಧ ತಿರುಗಿಸಿ ಸರ್, ಪ್ರೆಶರ್ ಕಮ್ಮಿಯಾಗುತ್ತೆ." ಆಗಲ್ಲ ಮಾರಾಯ! ವಾಲ್ವ್ ಅರ್ಧ ಮುಚ್ಚಿದ್ರೆ ನೀರು ಹರಿಯೋದು ಕಮ್ಮಿಯಾಗುತ್ತೆ, ಅಷ್ಟೇ. ನಲ್ಲಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆಲ್ಲ ಪೈಪಿನೊಳಗೆ ಮತ್ತೆ ಅದೇ ಒತ್ತಡ. ಪೈಪ್ ಸಿಡಿಯೋದೇ ನೀರು ನಿಂತಿದ್ದಾಗ. 2024ರ ಬೇಸಿಗೆಯಲ್ಲಿ ಜಲಮಂಡಳಿ, ನೀರಿಗೆ ಗಾಳಿ ಬೆರೆಸಿ ನೀರು ಉಳಿಸೋ ಏರೇಟರ್ ಕಡ್ಡಾಯ ಅಂದಾಗಲೂ ಇದೇ ಕಥೆ. "ಏರೇಟರ್ ಹಾಕಿದ್ದೀವಲ್ಲ, ಇನ್ನೇನು ಪ್ರೆಶರ್ ನಿಮ್ದು" ಅಂದ್ರು. ಏರೇಟರ್ ಇರೋದು ನಲ್ಲಿ ಬಾಯಲ್ಲಿ. ಅದರ ಹಿಂದಿನ ಪೈಪಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ನೀರು ಉಳಿಸೋಕೆ ಒಳ್ಳೇದೇ, ಬೇಡ ಅನ್ನಲ್ಲ.

ಸರಿ, ನನ್ನ ಮನೆಗೆ ನಾನೇ ಪಿಆರ್‌ವಿ ಹಾಕಿಸ್ಕೋತೀನಿ ಅಂದೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಇಡೀ ಮನೆಗೆ ನೀರು ಬರೋ ಒಂದೇ ಇನ್‌ಲೆಟ್ ಇಲ್ಲ. ಒಂದೊಂದು ಬಾತ್‌ರೂಮಿಗೆ ಒಂದೊಂದು ಶಾಫ್ಟ್, ಅಡುಗೆಮನೆಗೆ ಬೇರೆ, ಯುಟಿಲಿಟಿಗೆ ಬೇರೆ. ಎಲ್ಲದಕ್ಕೂ ಒಂದೊಂದು ವಾಲ್ವ್ ಬೇಕು. ಅದಕ್ಕೂ ತಯಾರಾದೆ. "ಶಾಫ್ಟ್ ಕಾಮನ್ ಏರಿಯಾ, ಅಲ್ಲಿ ನೀವು ಕೈ ಹಾಕೋ ಹಾಗಿಲ್ಲ." ಪಿಆರ್‌ವಿ ಕೆಟ್ಟರೆ ನನ್ನದು, ಶಾಫ್ಟ್ ಮಾತ್ರ ಅವರದು!

ಮೇಲಿನ ಎರಡು ಮಹಡಿಯವರಿಗೆ ಶವರ್‌ನಲ್ಲಿ ಜೋರಿಲ್ಲ ಅಂದ ತಕ್ಷಣ ಬೂಸ್ಟರ್ ಪಂಪ್ ಬಂತು. ಟ್ಯಾಂಕ್ ಅವರ ತಲೆ ಮೇಲೇ ಇರೋದರಿಂದ ಜೋರು ಬರಲ್ಲ, ನಿಜ, ಅವರ ಕಷ್ಟ ಸುಳ್ಳಲ್ಲ. ಆ ಪಂಪಿಗೆ ಹಾಕಿದ್ದು ನನ್ನ ಮೇಂಟೆನೆನ್ಸ್ ದುಡ್ಡೂ ಹೌದು. ಹಳೇ ಪಿಆರ್‌ವಿ ತೆಗೆದು ಹೊಸದು ಹಾಕಿ ಅಂದ್ರೆ ಮಾತ್ರ "ಈ ವರ್ಷ ಬಜೆಟ್ ಇಲ್ಲ."

ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ತಂದ ಕಾವೇರಿ ನೀರು, ಮತ್ತೆ ಕರೆಂಟ್ ಸುಟ್ಟು ಹದಿನಾಲ್ಕು ಮಹಡಿ ಹತ್ತಿಸಿದ ನೀರು, ನಮ್ಮನೆ ಬಚ್ಚಲಲ್ಲಿ ಸುಮ್ಮನೆ ಹರಿದು ಹೋಗ್ತಿದೆ. ಇದಕ್ಕೆ ಬಜೆಟ್ ಇದೆ ಅಂತ ಕಾಣುತ್ತೆ.

ಈ ವಾರ ಲಿಫ್ಟಲ್ಲಿ ನೋಟಿಸ್ ಅಂಟಿಸಿದ್ದಾರೆ: ನಲ್ಲಿ ಸೋರುವ ಮನೆಗಳಿಗೆ ದಂಡ. ಹಾಕಿ, ಧಾರಾಳವಾಗಿ ಹಾಕಿ. ರಸೀದಿ ಹರಿಯೋ ಮುಂಚೆ ಒಂದು ಸಲ ರಾತ್ರಿ ಎರಡು ಗಂಟೆಗೆ ಗೇಜ್ ಹಿಡ್ಕೊಂಡು ಬನ್ನಿ. ಬೆಲ್ ಕೂಡ ಮಾಡಬೇಡಿ, ನಾನು ಎದ್ದೇ ಇರ್ತೀನಿ.