ಕೊಳವೆಯಲ್ಲಿ ನೀರಿದ್ದರಷ್ಟೇ ಮೀಟರಿಗೆ ಮಾತು

ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿರುವ ನಮ್ಮ ಬೀದಿಯ ಮನೆಮನೆಗೂ ಕಳೆದ ವರ್ಷ ನೀರಿನ ಕಂಪನಿಯ ಪತ್ರ ಬಂತು. ಕಾಲುದಾರಿಯ ಅಂಚಿನಲ್ಲಿ, ಅಂಗೈ ಅಗಲದ ಮುಚ್ಚಳದ ಕೆಳಗೆ, ಪ್ರತಿ ಮನೆಗೂ ಒಂದು ಸ್ಮಾರ್ಟ್ ಮೀಟರ್ ಕೂರಿಸುವುದಾಗಿಯೂ, ಅದು ಗಂಟೆಗಂಟೆಯ ಬಳಕೆಯನ್ನು ಬರೆದಿಟ್ಟುಕೊಂಡು ರೇಡಿಯೊ ಸಂಕೇತದ ಮೂಲಕ ಕಂಪನಿಗೆ ತಾನಾಗಿಯೇ ಕಳಿಸುವುದಾಗಿಯೂ ಅದರಲ್ಲಿ ತಿಳಿಸಿದ್ದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮನೆಯೊಳಗೆ ಯಾರೂ ಕಾಲಿಡಲಿಲ್ಲ. ಮೂರು ವಾರದ ನಂತರ ಎರಡನೆಯ ಪತ್ರ ಬಂತು. ರಾತ್ರಿ ಎಲ್ಲರೂ ಮಲಗಿರುವ ಹೊತ್ತಿನಲ್ಲೂ ನಿಮ್ಮ ಮನೆಯಲ್ಲಿ ನೀರು ಹರಿಯುತ್ತಲೇ ಇದೆ, ದಯವಿಟ್ಟು ಪರಿಶೀಲಿಸಿ ಎಂಬುದು ಅದರ ಸಾರ. ಹುಡುಕಿದಾಗ ಮಹಡಿಯ ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ವಾಷರ್ ಸವೆದು, ಕಣ್ಣಿಗೂ ಕಿವಿಗೂ ಸಿಗದಷ್ಟು ತೆಳುವಾಗಿ ನೀರು ಜಾರುತ್ತಿರುವುದು ಗೊತ್ತಾಯಿತು. ಹೀಗೆ ಸೋರುವ ಒಂದು ಫ್ಲಶ್ ಟ್ಯಾಂಕ್ ದಿನಕ್ಕೆ 200ರಿಂದ 400 ಲೀಟರ್ ನೀರನ್ನು ಹಾಳುಮಾಡಬಲ್ಲದು. ಇಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಬಳಕೆ ದಿನಕ್ಕೆ ಸುಮಾರು 140 ಲೀಟರ್ ಎಂಬುದನ್ನು ನೆನೆದರೆ, ನಮ್ಮ ಮನೆಯಲ್ಲಿ ಕಣ್ಣಿಗೆ ಕಾಣದ ಒಬ್ಬಿಬ್ಬರು ಎಷ್ಟೋ ತಿಂಗಳಿಂದ ವಾಸವಾಗಿದ್ದಂತೆಯೇ ಲೆಕ್ಕ.

ಈ ಸಂಗತಿಯನ್ನು ನಾನು ಬೆಂಗಳೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಉತ್ಸಾಹದಿಂದ ವಿವರಿಸಿ, ನಮ್ಮ ಊರಿಗೂ ಇಂಥ ಮೀಟರ್ ಬೇಗ ಬರಬೇಕೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ರಾತ್ರಿ ಎರಡು ಗಂಟೆಗೆ ನಮ್ಮ ಮೀಟರ್ ಹತ್ತಿರ ನೀರೇ ಇರಲ್ಲವಲ್ಲೋ, ಅದು ಏನಂತ ಹೇಳುತ್ತೆ?" ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅದನ್ನೇ ಯೋಚಿಸುತ್ತಾ, ಎರಡೂ ಕಡೆಯ ಪದ್ಧತಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ಮೀಟರ್ ಎಂಬುದು ತೀರಾ ಈಚಿನ ಸಂಗತಿ ಎಂಬುದು ನಮ್ಮವರಿಗೆ ಆಶ್ಚರ್ಯ ತಂದೀತು. ಹಗಲೂ ರಾತ್ರಿ ಕೊಳವೆಯಲ್ಲಿ ನೀರಿರುವುದು ಇಲ್ಲಿ ತಲೆಮಾರುಗಳಿಂದ ರೂಢಿಯಾಗಿದ್ದರೂ ಅದನ್ನು ಅಳೆಯುವ ಪದ್ಧತಿ ಮನೆಗಳಿಗೆ ಇರಲಿಲ್ಲ. ಮನೆಯ ಬಾಡಿಗೆ ಮೌಲ್ಯವನ್ನು ಅಂದಾಜು ಮಾಡಿ, ಅದರ ಮೇಲೆ ನೀರಿನ ಶುಲ್ಕ ಕಟ್ಟುತ್ತಿದ್ದರು. ಆ ಮೌಲ್ಯಗಳನ್ನು ಕೊನೆಯ ಸಲ ಪರಿಷ್ಕರಿಸಿದ್ದು 1973ರಲ್ಲಿ, ಮತ್ತು ಮೀಟರ್ ಇಲ್ಲದ ಮನೆಗಳು ಇಂದಿಗೂ ಬಹುಮಟ್ಟಿಗೆ ಅದೇ ಹಳೆಯ ಅಂದಾಜಿನ ಮೇಲೆಯೇ ಹಣ ಕಟ್ಟುತ್ತವೆ. 1989ರಲ್ಲಿ ನೀರಿನ ಸಂಸ್ಥೆಗಳು ಖಾಸಗಿಯವರ ಕೈಗೆ ಹೋದವು, 1990ರಿಂದ ಹೊಸದಾಗಿ ಕಟ್ಟಿದ ಮನೆಗಳಿಗೆ ಮೀಟರ್ ಬಂತು. ನೀರಿನ ಅಭಾವ ತೀವ್ರವಾಗಿರುವ ಪ್ರದೇಶಗಳಲ್ಲಿ ಮಾತ್ರ ಕಂಪನಿಗಳು ಎಲ್ಲ ಹಳೆಯ ಮನೆಗಳಿಗೂ ಕಡ್ಡಾಯವಾಗಿ ಮೀಟರ್ ಹಾಕಬಹುದು. ಈಗ 2025ರಿಂದ 2030ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 1 ಕೋಟಿ ಸ್ಮಾರ್ಟ್ ಮೀಟರ್‌ಗಳನ್ನು ಕೂರಿಸುವ ಯೋಜನೆ ಜಾರಿಯಲ್ಲಿದೆ.

ಬೆಂಗಳೂರಿನ ಕಥೆ ಇದಕ್ಕೆ ನೇರ ತಿರುವುಮುರುವು. 1964ರಲ್ಲಿ ಹುಟ್ಟಿದ ನಮ್ಮ ಜಲಮಂಡಳಿ ಬಹುಪಾಲು ಎಲ್ಲ ಸಂಪರ್ಕಗಳಿಗೂ ಮೀಟರ್ ಅಳವಡಿಸಿ, ಅಳೆದ ನೀರಿಗೆ ಹಂತಹಂತದ ದರ ವಿಧಿಸುತ್ತಾ ಬಂದಿದೆ. ಅಳತೆಯ ವಿಷಯದಲ್ಲಿ ನಮ್ಮ ಊರು ಲಂಡನ್ನಿಗಿಂತ ಮುಂದಿತ್ತು ಎಂದು ಹೇಳಲು ನನಗೆ ಹೆಮ್ಮೆಯೇ ಇದೆ. ಆದರೆ ಅಲ್ಲಿ ಅಳೆಯಬೇಕಾದ ನೀರು ಸರದಿಯ ಮೇಲೆ ಬರುತ್ತದೆ. ಇಲ್ಲಿ ನೀರಿತ್ತು, ಮೀಟರ್ ಇರಲಿಲ್ಲ; ಅಲ್ಲಿ ಮೀಟರ್ ಇತ್ತು, ಕೊಳವೆಯಲ್ಲಿ ಸದಾ ನೀರಿರಲಿಲ್ಲ. ಒಂದೇ ಸಲಕರಣೆಯನ್ನು ಈ ಎರಡು ಕಡೆ ಕೂರಿಸಿದರೆ ಅದು ಒಂದೇ ಕೆಲಸ ಮಾಡುವುದಿಲ್ಲ.

ಸ್ಮಾರ್ಟ್ ಮೀಟರ್ ಸೋರಿಕೆಯನ್ನು ಪತ್ತೆಹಚ್ಚುವ ಬಗೆ ಬಹಳ ಸರಳವಾದದ್ದು. ದಿನದ 24 ಗಂಟೆಗಳಲ್ಲಿ ಯಾವುದಾದರೂ ಒಂದು ಗಂಟೆಯಾದರೂ ಹರಿವು ಸೊನ್ನೆಗೆ ಇಳಿಯಬೇಕು. ಸಾಮಾನ್ಯವಾಗಿ ಅದು ನಡುರಾತ್ರಿ ಕಳೆದ ಮೇಲಿನ ಹೊತ್ತು. ಒಮ್ಮೆಯೂ ಇಳಿಯಲಿಲ್ಲವೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಈ ತರ್ಕವೆಲ್ಲ ನಿಂತಿರುವುದು ಕೊಳವೆಯಲ್ಲಿ ಸದಾ ನೀರು ಒತ್ತಡದಿಂದ ತುಂಬಿರುತ್ತದೆ ಎಂಬ ನಂಬಿಕೆಯ ಮೇಲೆ. ಅಕ್ಕನ ಮನೆಯಲ್ಲಿ ಕಾವೇರಿ ನೀರು ಬರುವುದು ಎರಡು ದಿನಕ್ಕೊಮ್ಮೆ, ಕೆಲವು ಗಂಟೆಗಳ ಕಾಲ. ಬಂದ ನೀರು ಗೇಟಿನ ಪಕ್ಕದ ಮೀಟರ್ ದಾಟಿ ನೇರ ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರ್ ಅದನ್ನು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಸೋರುವ ಫ್ಲಶ್, ತುಂಬಿ ಹೊರಚೆಲ್ಲುವ ಟ್ಯಾಂಕ್, ಬಿರುಕುಬಿಟ್ಟ ಸಂಪು ಇವೆಲ್ಲವೂ ಮೀಟರಿನ ಬೆನ್ನ ಹಿಂದಿವೆ. ಗೇಟಿನ ಬಳಿಯ ಮೀಟರಿಗೆ ಕಾಣುವುದು ಸಂಪು ತುಂಬಿದ್ದು ಮಾತ್ರ. ಅದು ಎಷ್ಟು ಚುರುಕಿನದಾದರೂ ಅದರಾಚೆಗೆ ಅದಕ್ಕೆ ಕಣ್ಣಿಲ್ಲ. ಇದರ ಮೇಲೆ ಇನ್ನೂ ಎರಡು ತೊಡಕುಗಳಿವೆ: ಬರಿದಾಗಿದ್ದ ಕೊಳವೆಗೆ ನೀರು ಬಿಟ್ಟಾಗ ಮುಂದೆ ನುಗ್ಗುವ ಗಾಳಿ ಚಕ್ರವಿರುವ ಮೀಟರನ್ನು ತಿರುಗಿಸಿಬಿಡುತ್ತದೆ, ಸಂಪು ತುಂಬುತ್ತಾ ಬಂದು ಬಾಲ್ ವಾಲ್ವ್ ಅರ್ಧ ಮುಚ್ಚಿಕೊಂಡಾಗ ಸಣ್ಣಗೆ ಹರಿಯುವ ನೀರನ್ನು ಹಳೆಯ ಮೀಟರ್ ಗಮನಿಸುವುದೇ ಇಲ್ಲ. ಶಬ್ದತರಂಗಗಳಿಂದ ಅಳೆಯುವ ಹೊಸ ಮೀಟರ್‌ಗಳಲ್ಲಿ ತಿರುಗುವ ಭಾಗಗಳಿಲ್ಲದ್ದರಿಂದ ಸಣ್ಣ ಹರಿವೂ ಲೆಕ್ಕಕ್ಕೆ ಸಿಗುತ್ತದೆ, ನಿಜ. ಆದರೆ ಮನೆಯೊಳಗಿನ ಸೋರಿಕೆಯ ಬಗ್ಗೆ ಅವೂ ಮೂಕವೇ.

ಅಲ್ಲದೆ ಬೆಂಗಳೂರಿನ ಎಷ್ಟೋ ಸಂಪುಗಳಿಗೆ ಕಾವೇರಿಯ ಜೊತೆಗೆ ಕೊಳವೆಬಾವಿಯ ನೀರೂ ಟ್ಯಾಂಕರ್ ನೀರೂ ಬಂದು ಸೇರುತ್ತವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಇಡೀ ನಗರ ಪರದಾಡಿದಾಗ ನಮಗೆ ತಿಳಿದದ್ದೇನೆಂದರೆ, ಮಂಡಳಿಯ ಮೀಟರ್ ತೋರಿಸುವ ಅಂಕಿ ನಗರದ ನಿಜವಾದ ಬಾಯಾರಿಕೆಯ ಒಂದು ಪಾಲು ಮಾತ್ರ ಎಂಬುದು.

ಹಾಗಾದರೆ ನಮ್ಮಲ್ಲಿ ಸ್ಮಾರ್ಟ್ ಮೀಟರ್ ವ್ಯರ್ಥವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಅಕ್ಕನ ಪ್ರಶ್ನೆಗೆ ನಾನು ಕಂಡುಕೊಂಡ ಮೊದಲ ಉತ್ತರ ಇದು: ಇಲ್ಲಿ ಮೀಟರ್ ಮನೆಯವರ ಬಗ್ಗೆ ಕಂಪನಿಗೆ ಹೇಳುತ್ತದೆ, ಅಲ್ಲಿ ಅದು ಮಂಡಳಿಯ ಬಗ್ಗೆ ಮನೆಯವರಿಗೆ ಹೇಳಬಲ್ಲದು. ಯಾವ ಬಡಾವಣೆಗೆ ಯಾವ ದಿನ ಎಷ್ಟು ಗಂಟೆಗೆ ನೀರು ಬಂತು, ಎಷ್ಟು ಹೊತ್ತು ಹರಿಯಿತು, ರಸ್ತೆಯ ಮೊದಲ ಮನೆಗೆ ಎಷ್ಟು ಸಿಕ್ಕಿತು, ಇಳಿಜಾರಿನ ಮೇಲ್ತುದಿಯ ಕೊನೆಯ ಮನೆಗೆ ಎಷ್ಟು ಸಿಕ್ಕಿತು ಎಂಬುದು ಇಂದು ಗೊತ್ತಿರುವುದು ವಾಲ್ವ್ ತಿರುಗಿಸುವವನಿಗೆ ಮಾತ್ರ. ಹಿಂದೆ ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ಪಾಲು ಹಂಚುತ್ತಿದ್ದ ನೀರುಗಂಟಿ ತನ್ನ ಹಂಚಿಕೆಗೆ ಊರಿನ ಎದುರು ಉತ್ತರ ಕೊಡಬೇಕಿತ್ತು, ಏಕೆಂದರೆ ಕಾಲುವೆಯ ನೀರು ಎಲ್ಲರ ಕಣ್ಣೆದುರೇ ಹರಿಯುತ್ತಿತ್ತು. ನೆಲದಡಿಯ ಕೊಳವೆಗೆ ಆ ಬಯಲು ಇಲ್ಲ. ಗಂಟೆಗಂಟೆಯ ಲೆಕ್ಕವನ್ನು ರಸ್ತೆವಾರು ಒಟ್ಟುಗೂಡಿಸಿ, ಯಾರ ಮನೆಯ ವಿವರವೂ ಹೊರಬೀಳದಂತೆ ಎಲ್ಲರಿಗೂ ತೆರೆದಿಟ್ಟರೆ, ನೀರು ಬಂತು ಎಂದು ಮಂಡಳಿಯೂ ಬರಲಿಲ್ಲವೆಂದು ಬಡಾವಣೆಯವರೂ ಹಗ್ಗಜಗ್ಗಾಡುವುದು ತಪ್ಪೀತು. ಇಂಗ್ಲೆಂಡಿನಲ್ಲಿ ಈ ಮೀಟರಿನಿಂದ ಇಂಥ ಉಪಯೋಗ ಯಾರಿಗೂ ಹೊಳೆಯಲಾರದು. ಅದರ ಅಗತ್ಯ ಇವರಿಗೆ ಬಿದ್ದಿಲ್ಲ. ನಮಗೆ ಬಿದ್ದಿದೆ, ಮತ್ತು ಮೀಟರ್ ಕೊಳ್ಳುವ ಕರಾರಿನಲ್ಲಿಯೇ ಅದನ್ನು ಬರೆಸಬೇಕು.

ಅಪಾರ್ಟ್‌ಮೆಂಟ್‌ಗಳ ವಿಷಯ ಬೇರೆ. ತಾರಸಿಯ ಟ್ಯಾಂಕಿನಿಂದ ಕೆಳಗಿಳಿಯುವ ಕೊಳವೆಗಳಲ್ಲಿ ಯಾವಾಗಲೂ ನೀರು ನಿಂತಿರುವುದರಿಂದ ಅಲ್ಲಿ ಮನೆಮನೆಗೆ ಹಾಕುವ ಸ್ಮಾರ್ಟ್ ಮೀಟರ್ ಇಂಗ್ಲೆಂಡಿನ ಮೀಟರಿನಷ್ಟೇ ಚೆನ್ನಾಗಿ ಸೋರಿಕೆಯನ್ನು ಹಿಡಿಯುತ್ತದೆ. ಅಡುಗೆಮನೆಗೂ ಪ್ರತಿ ಬಚ್ಚಲಿಗೂ ಬೇರೆಬೇರೆ ಕೊಳವೆ ಇಳಿಯುವ ಕಟ್ಟಡಗಳಲ್ಲಿ ಒಂದೇ ಮನೆಗೆ ಮೂರು ನಾಲ್ಕು ಮೀಟರ್ ಬೇಕಾಗುವುದೊಂದು ತೊಂದರೆ. ಹಾಗಿದ್ದರೂ ಚದರಡಿಯ ಲೆಕ್ಕದಲ್ಲಿ ನೀರಿನ ಖರ್ಚು ಹಂಚುವುದಕ್ಕಿಂತ, ಒಂಟಿಯಾಗಿರುವ ವೃದ್ಧರೂ ಆರು ಜನರ ಸಂಸಾರವೂ ಒಂದೇ ಮೊತ್ತ ಕಟ್ಟುವುದಕ್ಕಿಂತ, ಅದು ಎಷ್ಟೋ ನ್ಯಾಯ.

ಇನ್ನು ಮಂಡಳಿ ತನ್ನನ್ನು ತಾನು ಅಳೆದುಕೊಳ್ಳುವ ಮಾತು. ಇಂಗ್ಲೆಂಡಿನಲ್ಲಿ ಮನೆಗಳಿಗೆ ಮೀಟರ್ ಬರುವುದಕ್ಕೆ ಮುಂಚೆಯೇ, 1980ರ ದಶಕದಿಂದ, ಊರನ್ನು ಸಣ್ಣ ಸಣ್ಣ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯದ ಬಾಯಲ್ಲಿ ಒಂದು ದೊಡ್ಡ ಮೀಟರ್ ಕೂರಿಸುತ್ತಾ ಬಂದರು. ರಾತ್ರಿ ಆ ವಲಯಕ್ಕೆ ಎಷ್ಟು ನೀರು ನುಗ್ಗುತ್ತದೆಂದು ನೋಡಿದರೆ ನೆಲದಡಿಯ ಸೋರಿಕೆಯ ಪ್ರಮಾಣ ತಿಳಿಯುತ್ತದೆ. ಇಷ್ಟಾದರೂ ಇಂಗ್ಲೆಂಡಿನ ಕೊಳವೆಗಳು ತಾವು ಹೊತ್ತ ನೀರಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಸೋರಿ ಕಳೆಯುತ್ತವೆ. ಆದ್ದರಿಂದ ಇವರು ಎಲ್ಲದರಲ್ಲೂ ಮಾದರಿ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಕಾಲು ಭಾಗಕ್ಕೂ ಹೆಚ್ಚು. ಅದು ಬರಿಯ ನೀರೂ ಅಲ್ಲ. ಕಾವೇರಿ ನೀರನ್ನು ಪಂಪು ಮಾಡುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದ ಪಂಪುಗಳಿಂದ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತಂದ ನೀರು ಅದು. ಸೋರಿದ ಪ್ರತಿ ಕೊಡದೊಂದಿಗೆ ಅಷ್ಟು ವಿದ್ಯುತ್ತೂ ಮಣ್ಣುಪಾಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯವನ್ನು ಸೇರಿಸಿದೆ. ನಗರದ ಕೆಲವು ವಿಭಾಗಗಳಲ್ಲಿ ವಲಯ ಮೀಟರಿನ ಕೆಲಸವೂ ನಡೆದಿದೆ. ಮನೆಯ ಬಾಗಿಲಿಗೆ ಹೊಸ ಮೀಟರ್ ತರುವ ಮೊದಲು ಆ ಕೆಲಸ ಊರಿಡೀ ಮುಗಿಯಬೇಕೆಂದು ನಾನು ಒತ್ತಾಯಿಸುವೆ, ಏಕೆಂದರೆ ತನ್ನ ಕೊಳವೆ ಎಲ್ಲಿ ಸೋರುತ್ತದೆಂದು ಅರಿಯದ ಸಂಸ್ಥೆಗೆ ನನ್ನ ಫ್ಲಶ್ಶಿನ ಲೆಕ್ಕ ಕೇಳುವ ನೈತಿಕ ಬಲ ಕಡಿಮೆ.

ಜನರ ನಂಬಿಕೆ ಗಳಿಸದೆ ಮೀಟರ್ ಹಾಕಹೊರಟರೆ ಏನಾಗುತ್ತದೆಂಬುದಕ್ಕೆ ನಮ್ಮ ಪಕ್ಕದ ಐರ್ಲೆಂಡೇ ಸಾಕ್ಷಿ. 2014ರಲ್ಲಿ ಅಲ್ಲಿ ಮನೆಗಳಿಗೆ ನೀರಿನ ಶುಲ್ಕ ಆರಂಭಿಸಿದಾಗ ಸಾವಿರಾರು ಜನ ಬೀದಿಗಿಳಿದರು, ಮೀಟರ್ ಕೂರಿಸಲೆಂದು ನೆಲ ಅಗೆಯಲು ಬಂದವರನ್ನು ತಡೆದರು. 2016ರಲ್ಲಿ ಸರ್ಕಾರ ಶುಲ್ಕವನ್ನು ತಡೆಹಿಡಿಯಬೇಕಾಯಿತು, ಕಟ್ಟಿದವರಿಗೆ ಮುಂದೆ ಹಣವನ್ನೂ ಹಿಂತಿರುಗಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಅಷ್ಟು ಗಲಭೆ ಆಗದಿರಲು ಕಾರಣ, ಇಲ್ಲಿ ಮೀಟರಿನ ಜೊತೆಗೆ ಕೆಲವು ರಕ್ಷಣೆಗಳೂ ಇವೆ ಎಂಬುದು ನನ್ನ ನಂಬಿಕೆ. 1999ರ ಕಾಯಿದೆಯ ಪ್ರಕಾರ ಬಿಲ್ ಬಾಕಿಯಿದೆ ಎಂಬ ಕಾರಣಕ್ಕೆ ವಾಸದ ಮನೆಯ ನೀರನ್ನು ನಿಲ್ಲಿಸುವಂತಿಲ್ಲ. ಸರ್ಕಾರದ ನೆರವು ಪಡೆಯುವ, ಮೂವರು ಅಥವಾ ಹೆಚ್ಚು ಮಕ್ಕಳಿರುವ ಇಲ್ಲವೇ ಕಾಯಿಲೆಯಿಂದಾಗಿ ಹೆಚ್ಚು ನೀರು ಬೇಕಾಗುವ ಮನೆಗಳಿಗೆ ಮೀಟರ್ ಎಷ್ಟೇ ತೋರಿಸಿದರೂ ಬಿಲ್ಲಿಗೆ ಒಂದು ಮಿತಿಯಿದೆ. ನೆಲದಡಿಯ ಕೊಳವೆ ಸೋರಿ ಬಿಲ್ ಏರಿದ್ದರೆ, ಬೇಗ ದುರಸ್ತಿ ಮಾಡಿಸಿದವರಿಗೆ ಸಾಮಾನ್ಯವಾಗಿ ಆ ಮೊತ್ತದಲ್ಲಿ ರಿಯಾಯಿತಿ ಸಿಗುತ್ತದೆ.

ನಮ್ಮಲ್ಲಿ ಬಾಕಿ ಉಳಿದರೆ ಸಂಪರ್ಕ ಕಡಿಯುವ ಅಧಿಕಾರ ಮಂಡಳಿಗಿದೆ. ಇದುವರೆಗೆ ಅದಕ್ಕೆ ಒಬ್ಬ ಮನುಷ್ಯ ಸ್ಪ್ಯಾನರ್ ಹಿಡಿದು ಬಾಗಿಲಿಗೆ ಬರಬೇಕಿತ್ತು, ಅವನೊಡನೆ ಮಾತಾಡಬಹುದಿತ್ತು, ನಾಳೆ ಕಟ್ಟುತ್ತೇವೆಂದು ಕೇಳಿಕೊಳ್ಳಬಹುದಿತ್ತು. ದೂರದ ಕಚೇರಿಯಿಂದಲೇ ಮುಚ್ಚಬಹುದಾದ ವಾಲ್ವ್ ಇರುವ ಮೀಟರ್ ಬಂದರೆ ಆ ಮಾತುಕತೆಗೆ ಜಾಗವಿಲ್ಲ. ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ, ತಿಂಗಳ ಉಚಿತ ಪಾಲು ಮುಗಿದೊಡನೆ ತಾನಾಗಿ ನೀರು ನಿಲ್ಲಿಸುವ ಮುಂಗಡ ಪಾವತಿಯ ಮೀಟರ್‌ಗಳ ವಿರುದ್ಧ ಬಡವರು ಸಂವಿಧಾನ ನ್ಯಾಯಾಲಯದವರೆಗೆ ಹೋದರು. 2009ರಲ್ಲಿ ಅವರು ಸೋತರು. ನಮ್ಮಲ್ಲಿ ಆ ಬಗೆಯ ಮೀಟರ್ ವಾಸದ ಮನೆಗಳಿಗೆ ಬಾರದಂತೆ ಈಗಲೇ ನಿಯಮ ಮಾಡುವುದು ಮೇಲು. ಹಾಗೆಯೇ ಹಳೆಯ ಮೀಟರ್‌ಗಳು ಸವೆದಂತೆ ಕಡಿಮೆ ತೋರಿಸುತ್ತವೆ, ಹೊಸದು ಬಂದೊಡನೆ ಬಳಕೆ ಹೆಚ್ಚದಿದ್ದರೂ ಬಿಲ್ ಹೆಚ್ಚಬಹುದು. ಅದನ್ನು ಮುಂಚಿತವಾಗಿ ಜನರಿಗೆ ತಿಳಿಸಿ, ಕೆಲವು ತಿಂಗಳು ಹೊಸ ಅಂಕಿಯನ್ನು ಬರಿದೇ ತೋರಿಸಿ ಹಳೆಯ ಸರಾಸರಿಯ ಮೇಲೆ ಹಣ ಪಡೆದರೆ ಅರ್ಧ ಸಿಟ್ಟು ಇಳಿಯುತ್ತದೆ. ಮನೆ ಯಾವಾಗ ಖಾಲಿ, ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದೂ ಈ ಅಂಕಿಗಳಲ್ಲಿ ಓದಲು ಸಿಗುತ್ತದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿರುವುದರಿಂದ ಮಂಡಳಿ ಈ ವಿಷಯದಲ್ಲಿ ಲಿಖಿತ ಭರವಸೆ ಕೊಡಲು ಹಿಂಜರಿಯಬೇಕಾಗಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ನನ್ನನ್ನು ಕೇಳಿದರೆ, ಬೆಂಗಳೂರಿನಿಂದಲ್ಲ ಎನ್ನುತ್ತೇನೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರಲ್ಲಿಯೇ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಹಲವು ದಿನಗಳಿಗೊಮ್ಮೆ ನಲ್ಲಿಯ ಮುಂದೆ ಕೊಡಗಳನ್ನು ಸಾಲಿಡುತ್ತಿದ್ದ ಊರುಗಳಲ್ಲಿ, ಕೊಳವೆಗಳನ್ನು ಪೂರಾ ಬದಲಿಸಿ, ಮನೆಮನೆಗೂ ಮೀಟರ್ ಹಾಕಿ, ನೀರನ್ನು ಹಗಲಿರುಳು ಕೊಟ್ಟು ತೋರಿಸಿದ್ದು ನಮ್ಮ ಕರ್ನಾಟಕವೇ. ಸ್ಮಾರ್ಟ್ ಮೀಟರಿಗೆ ಬೇಕಾದ ನೆಲ ಹದವಾಗಿರುವುದು ಅಲ್ಲಿ. ಅಂಥ ವಾರ್ಡುಗಳಲ್ಲಿ ಎರಡು ಬೇಸಿಗೆ ಇದನ್ನು ನಡೆಸಿ, ರಾತ್ರಿಯ ಹರಿವು ಎಷ್ಟು ಇಳಿಯಿತು, ಎಷ್ಟು ಮನೆಗಳ ಸೋರಿಕೆ ಸಿಕ್ಕಿತು, ಯಾರ ಬಿಲ್ ಏರಿತು, ಯಾರದು ಇಳಿಯಿತು ಎಂಬ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ಆ ಅಂಕಿಗಳು ಕೈಗೆ ಬಂದ ದಿನ ನಾನು ಅಕ್ಕನಿಗೆ ಮತ್ತೆ ಫೋನು ಮಾಡುತ್ತೇನೆ.