ಹಳೇ ಮನೆಯ ಘನ ಮೀಟರ್ ಪೂಜೆ

ಇಂಗ್ಲೆಂಡಿನಲ್ಲಿ ಊರುಗಳು ಹಬ್ಬದಂತೆ ಸುತ್ತ ಕಾದಿಟ್ಟ ಗ್ರೀನ್ ಬೆಲ್ಟ್‌ನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟೋಣ ಅಂತ ಹೊರಟ ನನ್ನ ಗೆಳೆಯನ ಅರ್ಜಿ ಮೂರನೇ ಸಲ ವಾಪಸ್ ಬಂದಿದೆ. ಕಾರಣ ಒಂದೇ. ಹೊಸ ಮನೆ ಹಳೆಯದಕ್ಕಿಂತ ‘ಗಣನೀಯವಾಗಿ ದೊಡ್ಡದು’. ಗಣನೀಯ ಅಂದ್ರೆ ಎಷ್ಟು? ರಾಷ್ಟ್ರೀಯ ನೀತಿ ಬಾಯಿ ಬಿಡುವುದಿಲ್ಲ. ಅನುಮತಿ ಕೊಡುವ ಒಂದೊಂದು ಸ್ಥಳೀಯ ಕೌನ್ಸಿಲ್ಲಿಗೆ ಒಂದೊಂದು ಲೆಕ್ಕ.

ಆ ಹಳೇ ಮನೆಯೋ, ಗೋಡೆ ತುಂಬಾ ಬೂಷ್ಟು. ಅದನ್ನು ಚೆಂದ ಅಂದವರು ಯಾರೂ ಇಲ್ಲ. ಕೆಡವಲು ಹೊರಟ ದಿನದಿಂದ ಮಾತ್ರ ಅದರ ಒಂದೊಂದು ಘನ ಮೀಟರೂ ದೇವರು, ಹೊಸ ಮನೆಯ ಗಾತ್ರ ಅಳೆಯುವುದು ಅದರಿಂದಲೇ ತಾನೇ.

ಹಾಗಾಗಿ ಆರ್ಕಿಟೆಕ್ಟ್ ಮೊದಲು ಒಳ್ಳೆ ಮನೆಯ ನಕ್ಷೆ ಬರೆಯುವುದಿಲ್ಲ, ಕೆಟ್ಟದ್ದನ್ನು ಬರೆಯುತ್ತಾನೆ. ಪ್ಲಾನಿಂಗ್ ಅನುಮತಿ ಬೇಡದ ಹಿಂಬದಿ ಕೋಣೆ, ಬೆನ್ನ ಮೇಲೆ ಗೂನಿನಂಥ ಅಟ್ಟ, ಅಂಗಳದಲ್ಲೊಂದು ಷೆಡ್, ಇವೆಲ್ಲ ಕಾನೂನುಬದ್ಧ ಅಂತ ಕೌನ್ಸಿಲ್ಲಿನಿಂದಲೇ ಸರ್ಟಿಫಿಕೇಟ್ ತಂದು, ‘ಸ್ವಾಮಿ, ಆ ಚೆಂದದ್ದು ಒಪ್ಪದಿದ್ದರೆ ಇದನ್ನೇ ಕಟ್ಟಿಬಿಡ್ತೀವಿ’ ಅನ್ನುವುದು. ಇದಕ್ಕೆ ಫಾಲ್‌ಬ್ಯಾಕ್ ಅಂತ ಮರ್ಯಾದೆಯ ಹೆಸರು. ನಮ್ಮಲ್ಲಿ ಬ್ಲ್ಯಾಕ್‌ಮೇಲ್ ಅಂತೀವಿ.

ಲಂಡನ್ ಪಕ್ಕದ ಸರ‍್ರೆಯಲ್ಲೊಬ್ಬ ರೈತನಿದ್ದ. ಹುಲ್ಲಿನ ಪೆಂಡಿಗಳ ಹಿಂದೆ ಇಡೀ ಕೋಟೆಯನ್ನೇ ಬಚ್ಚಿಟ್ಟು, ನಾಲ್ಕು ವರ್ಷ ಅದರಲ್ಲೇ ಬದುಕಿದವನು. ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ ಸಕ್ರಮ ಅನ್ನೋ ನಿಯಮ ಆಗ ಇತ್ತು. 2006ರಲ್ಲಿ ಹುಲ್ಲು ಸರಿಸಿದ. ಬಚ್ಚಿಟ್ಟ ಕಾಲ ಲೆಕ್ಕಕ್ಕಿಲ್ಲ ಅಂತ ಕೋರ್ಟು ಹೇಳಿತು, 2016ರಲ್ಲಿ ಕೋಟೆ ನೆಲಸಮ. ಅವನು ಮಾಡಿದ್ದು ತಪ್ಪೇ. ಆದರೂ ಬೆಳಗ್ಗೆ ಕಿಟಕಿ ತೆಗೆದರೆ ಹುಲ್ಲೇ ಕಾಣುವ ಮನೆಯಲ್ಲಿ ಕಾಫಿ ಕುಡಿಯುವುದಕ್ಕೂ ಒಂದು ಗುಂಡಿಗೆ ಬೇಕು.

ಇತ್ತ ತೆರಿಗೆ ಇಲಾಖೆಯದು ಬೇರೆಯೇ ರಾಗ. ಹಳೇ ಮನೆ ರಿಪೇರಿ ಮಾಡಿಸಿದರೆ ಸಾಮಾನ್ಯವಾಗಿ ಶೇ. 20 ವ್ಯಾಟ್. ಪೂರ್ತಿ ಕೆಡವಿ ಕಟ್ಟಿದರೆ ಸೊನ್ನೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ, ಬಾವಲಿಗೆ ಕಾನೂನಿನ ರಕ್ಷಣೆ ಇರುವುದರಿಂದ, ಅಟ್ಟದಲ್ಲಿ ಅದು ಇದೆಯಾ ನೋಡಲು ಮೇ ತಿಂಗಳವರೆಗೆ ಕಾಯಬೇಕು.

ಮೊದಲು ನಗು ಬರ್ತಿತ್ತು, ಈಗ ಬರಲ್ಲ. ಊರುಗಳು ಒಂದಕ್ಕೊಂದು ಅಂಟಿಕೊಳ್ಳಬಾರದು ಅಂತ 1955ರಲ್ಲಿ ಗ್ರೀನ್ ಬೆಲ್ಟ್ ಸುತ್ತೋಲೆ ಹೊರಡಿಸಿದ್ದು ಒಳ್ಳೇ ಕೆಲಸ, ಒಪ್ತೀನಿ. ಮನೆ ಇದ್ದ ಜಾಗದಲ್ಲೇ ಮನೆ ಎದ್ದರೆ ಯಾವ ಊರು ಯಾವ ಊರಿಗೆ ಅಂಟುತ್ತೆ? ಗೆಳೆಯನ ಮಕ್ಕಳು ಮೂರು ಚಳಿಗಾಲ ಕೆಮ್ಮಿದ್ದಾರೆ. ಅದನ್ನು ಬರೆಯಲು ಅರ್ಜಿಯಲ್ಲಿ ಕಾಲಂ ಇಲ್ಲ.

ನೆಲದಡಿ ಇಳಿದದ್ದನ್ನು ಕೆಲವು ಕಡೆ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ನಾಲ್ಕನೇ ನಕ್ಷೆಯಲ್ಲಿ ಮಕ್ಕಳ ಕೋಣೆ ನೆಲಮಾಳಿಗೆಗೆ ಹೋಗಿದೆ.